ಇಲಿ ತಿಂದ ರೆಕ್ಕೆಗೆ ಬದಲಿ ರೆಕ್ಕೆ ಕಟ್ಟಬೇಕು, ಅಳತೆಯ ಪ್ಲಾನ್ ಇಲ್ಲ

ಅಟ್ಟದ_ವಿಮಾನ · ಮೂಡಿಗೆರೆ · ಜೂನ್ 2

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸೋಣ ಅಂತ ಅಟ್ಟ ಖಾಲಿ ಮಾಡಿಸಿದೆವು. ಹಳೇ ಕಾಫಿ ಚೀಲಗಳ ಹಿಂದೆ ನಮ್ಮ ಸೋದರಮಾವ ಕಟ್ಟಿದ್ದ ವಿಮಾನ ಸಿಕ್ಕಿತು. ರೇಡಿಯೊ ಕಂಟ್ರೋಲ್ ಟ್ರೇನರ್, ಅಂದರೆ ರಿಮೋಟಲ್ಲಿ ಹಾರಿಸಿ ಕಲಿಯುವ ಮಾದರಿ ವಿಮಾನ. ರೆಕ್ಕೆ ಮೇಲ್ಗಡೆ ಕೂರುತ್ತದೆ, ರಬ್ಬರ್ ಬ್ಯಾಂಡಲ್ಲಿ ಕಟ್ಟುವುದು. 6.5 ಸಿಸಿ ಗ್ಲೋ ಇಂಜಿನ್ (ಹರಳೆಣ್ಣೆ ಬೆರೆಸಿದ ಇಂಧನದಲ್ಲಿ ಓಡುವುದು). ನಾನು ಮೂರನೇ ಕ್ಲಾಸಲ್ಲಿದ್ದಾಗ ಕೊಯ್ಲಾದ ಗದ್ದೆಯಲ್ಲಿ ಹಾರಿಸುತ್ತಿದ್ದರು. ಮಾವ ಈಗಿಲ್ಲ.

ಬಾಡಿ ಗಟ್ಟಿಯಾಗಿದೆ, ಬಾಲಕ್ಕೂ ಏನೂ ಆಗಿಲ್ಲ. ಇಂಜಿನ್ ಒಳಗೆ ಹರಳೆಣ್ಣೆ ಒಣಗಿ ತಿರುಗುತ್ತಿಲ್ಲ, ಅದನ್ನು ಬಿಸಿ ಮಾಡಿ ಬಿಡಿಸಿಕೊಳ್ಳುತ್ತೇನೆ. ರೆಕ್ಕೆಯದೇ ಕಥೆ. ಬಲಗಡೆ ಅರ್ಧದೊಳಗೆ ಇಲಿ ಬಾಣಂತನ ಮಾಡಿದೆ. ಆರು ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ) ಇಲ್ಲವೇ ಇಲ್ಲ, ಸ್ಪಾರ್ (ರೆಕ್ಕೆಯ ಉದ್ದಕ್ಕೂ ಓಡುವ ಬೆನ್ನೆಲುಬಿನ ಪಟ್ಟಿ) ಅರ್ಧ ಕಡಿದಿದೆ. ಎಡಗಡೆ ಅರ್ಧ ಪೂರ್ತಿ ಇದೆ.

ರಿಪೇರಿ ಮಾಡಲಾ, ಹೊಸದು ಕಟ್ಟಲಾ? ಗಾಳಿಪಟ ಬಿಟ್ಟರೆ ಹಾರುವ ವಸ್ತು ಏನೂ ಕಟ್ಟಿದವನಲ್ಲ ನಾನು. ಮರಗೆಲಸ ಸ್ವಲ್ಪ ಗೊತ್ತು.

ನಿವೃತ್ತ_ಫಿಟ್ಟರ್ · ಹಾಸನ · ಜೂನ್ 2

ಮೊದಲು ಒಂದು ಕೆಲಸ. ಆ ಹಳೇ ರೆಕ್ಕೆಯನ್ನು ಯಾರಾದರೂ ಒಲೆಗೆ ಹಾಕುವ ಮುಂಚೆ ಮಂಚದ ಮೇಲಿಡಿ. ಪ್ಲಾನ್ ಇಲ್ಲ ಅಂದಿರಲ್ಲ, ಎಡಗಡೆ ಅರ್ಧವೇ ನಿಮ್ಮ ಪ್ಲಾನ್.

ರಿಪೇರಿನಾ ಹೊಸದಾ ಅಂತ ತಿಳಿಯಲು ಒಂದು ರಿಬ್ಬನ್ನು ಸ್ಪಾರಿಗೆ ಅಂಟಿಸಿದ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ. ಅಂಟು ಹಪ್ಪಳದಂತೆ ಪಟ್ ಅಂದರೆ ರಿಪೇರಿ ಆಸೆ ಬಿಡಿ, ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಗಾಳಿಯಲ್ಲಿ ಬಿಡುತ್ತದೆ. ಮಧ್ಯದ ಭಾಗ ಬೇರೆ ಇಂಜಿನ್ ಎಣ್ಣೆ ಕುಡಿದಿರುತ್ತದೆ. ಎಣ್ಣೆ ಕುಡಿದ ಮರಕ್ಕೆ ಯಾವ ಗಮ್ಮೂ ಹಿಡಿಯಲ್ಲ.

ಅಟ್ಟದ_ವಿಮಾನ · ಜೂನ್ 3

ಒತ್ತಿದೆ ಸರ್. ಪಟ್ ಅಂತು. ಮೂರು ಜಾಗದಲ್ಲಿ.

ಥರ್ಮೊಕೋಲ್_ತಮ್ಮ · ಚಿಕ್ಕಮಗಳೂರು · ಜೂನ್ 3

ಅಣ್ಣ, ಮರ ಯಾಕೆ? ಥರ್ಮೊಕೋಲಲ್ಲಿ ಕೊಯ್ದುಬಿಡಿ. ಹಳೇ ಹೀಟರಿನ ನೈಕ್ರೋಮ್ ತಂತಿಯನ್ನು ಬಿಲ್ಲಿಗೆ ಬಿಗಿದು ಬ್ಯಾಟರಿ ಕರೆಂಟ್ ಕೊಟ್ಟರೆ ಬೆಣ್ಣೆ ಕೊಯ್ದ ಹಾಗೆ. ಎರಡೂ ತುದಿಗೆ ರಿಬ್ಬಿನ ಆಕಾರದ ಅಚ್ಚು ಅಂಟಿಸಿ, ಇಬ್ಬರು ಎರಡು ಕಡೆ ತಂತಿ ಹಿಡಿದು ಒಂದೇ ವೇಗದಲ್ಲಿ ಎಳೆಯಬೇಕು. ನಾನು ಮತ್ತು ನನ್ನ ರೂಮ್‌ಮೇಟ್ "ಒಂದು, ಎರಡು, ಮೂರು" ಅಂತ ಎಣಿಸಿಕೊಂಡು ಎಳೆಯುತ್ತೇವೆ. ಒಂದು ಭಾನುವಾರಕ್ಕೆ ರೆಕ್ಕೆ ರೆಡಿ. ಮೇಲೆ ಪ್ಯಾಕಿಂಗ್ ಟೇಪ್ ಹೊಡೆದರೆ ಮುಗೀತು.

ಒಂದೇ ಎಚ್ಚರಿಕೆ, ಕ್ವಿಕ್ ಗಮ್ಮು ಹಾಕಬೇಡಿ. ಥರ್ಮೊಕೋಲ್ ಕಣ್ಣೆದುರೇ ಕರಗಿ ಗುಳಿ ಬೀಳುತ್ತೆ. ಬಿಳಿ ಗಮ್ಮು ಇಲ್ಲಾ ಎಪಾಕ್ಸಿ ಮಾತ್ರ.

ಕಾಫಿ_ಕಣ · ಬಾಳೆಹೊನ್ನೂರು · ಜೂನ್ 4

ತೋಟದಲ್ಲಿ ಮೆಣಸಿನ ಬಳ್ಳಿಗೆ ಹಾಲುವಾಣ ನೆಟ್ಟಿರುತ್ತಾರಲ್ಲ ಮಾರಾಯ್ರೆ, ಅದು ಹಗುರ ಮರ ಅಲ್ವಾ? ಬಾಲ್ಸಾ ಅಂತ ದಕ್ಷಿಣ ಅಮೆರಿಕದ ಮರಕ್ಕೆ ದುಡ್ಡು ಸುರಿಯೋದು ಯಾಕೆ?

ನಿವೃತ್ತ_ಫಿಟ್ಟರ್ · ಜೂನ್ 4

ಹಾಲುವಾಣ ನಾನೂ ನೋಡಿದ್ದೇನೆ. ಹಗುರ ಹೌದು, ಬಾಲ್ಸಾದಷ್ಟಲ್ಲ. ಕಡಿದಿಟ್ಟರೆ ಹುಳ ಬೀಳುತ್ತದೆ, ತೆಳ್ಳಗೆ ಸೀಳಿದರೆ ನುಲಿಯುತ್ತದೆ. ಬಳ್ಳಿಗೇ ಇರಲಿ ಬಿಡಿ.

ಬಾಲ್ಸಾ ತಗೊಳ್ಳುವಾಗ ತಕ್ಕಡಿ ಜೊತೆಗಿರಲಿ. ಎಲ್ಲ ಹಾಳೆಯೂ ಒಂದೇ ತೂಕ ಇರಲ್ಲ. 2.5 ಮಿ.ಮೀ. ದಪ್ಪ, 3 ಇಂಚು ಅಗಲ, 3 ಅಡಿ ಉದ್ದದ ಹಾಳೆ 27 ಗ್ರಾಂ ಹತ್ತಿರ ಬಂದರೆ ಅದು ಸರಾಸರಿ ಮರ, ರಿಬ್ಬಿಗೆ ಸರಿ. 17 ಗ್ರಾಂ ಬಂದರೆ ಸ್ಪಂಜಿನ ಹಾಗೆ. 40 ದಾಟಿದರೆ ಗಟ್ಟಿ, ಅದನ್ನು ರೆಕ್ಕೆಯ ಅಂಚಿಗೆ ಇಟ್ಟುಕೊಳ್ಳಿ. ನಾನು ಒಮ್ಮೆ ಆನ್‌ಲೈನಲ್ಲಿ ತರಿಸಿದ ಕಟ್ಟಿನಲ್ಲಿ ಹತ್ತು ಹಾಳೆಗೆ ನಾಲ್ಕು ಬಾಳೆಕಾಯಿಯಂತೆ ಬಗ್ಗಿದ್ದವು. ಹಾಗಾಗಿ ಎರಡು ಹಾಳೆ ಜಾಸ್ತಿ ಹೇಳಿ.

ತಮ್ಮ ಹೇಳಿದ ಥರ್ಮೊಕೋಲ್ ದಾರಿ ತಪ್ಪೇನಲ್ಲ, ಕಲಿಯುವವರಿಗೆ ಬೀಳಲು ಏಳಲು ಒಳ್ಳೆಯದು. ಆದರೆ ಮಾವನ ವಿಮಾನ, ಮೂರು ತಿಂಗಳು ಮಳೆ, ಮರಗೆಲಸ ಗೊತ್ತಿರುವ ಮನುಷ್ಯ. ಇಷ್ಟಿದ್ದು ಟೇಪ್ ಯಾಕೆ ಹೊಡೀಬೇಕು?

ಥರ್ಮೊಕೋಲ್_ತಮ್ಮ · ಜೂನ್ 4

ಸರಿ ಸರ್, ಒಪ್ಪಿದೆ. ಬಿದ್ದ ಮೇಲೆ ನನ್ನನ್ನೇ ಕರೀತೀರಾ 😄

ಅಟ್ಟದ_ವಿಮಾನ · ಜೂನ್ 9

ಮರದಲ್ಲೇ ಕಟ್ಟುತ್ತೇನೆ. ಫಿಲ್ಮ್ (ರೆಕ್ಕೆ ಮೇಲೆ ಬಿಸಿಗೆ ಅಂಟಿಸುವ ಪ್ಲಾಸ್ಟಿಕ್ ಹೊದಿಕೆ) ಬಿಚ್ಚುವ ಮುಂಚೆ ಎಡಗಡೆ ಅರ್ಧದ ಅಳತೆ ತೆಗೆದೆ. ಮಾವ ಇಂಚಿನ ಕಾಲದವರು, ಎಲ್ಲ ಇಂಚಲ್ಲೇ ಬರುತ್ತಿದೆ.

ತುದಿಯಿಂದ ತುದಿಗೆ 60 ಇಂಚು. ಅಗಲ 11 ಇಂಚು, ಬುಡದಿಂದ ತುದಿಗೆ ಒಂದೇ. ರಿಬ್ ಮೂರು ಇಂಚಿಗೊಂದು, ಒಂದು ಕಡೆಗೆ 11, ಒಟ್ಟು 22. ಮೇಲೊಂದು ಕೆಳಗೊಂದು ಸ್ಪಾರ್, ಕಾಲು ಇಂಚು ಚೌಕ. ರಿಬ್ಬಿನ ಕೆಳಭಾಗ ಮುಂದಿನ ಸ್ವಲ್ಪ ಬಿಟ್ಟರೆ ಪೂರ್ತಿ ಚಪ್ಪಟೆ. ದಪ್ಪ 33 ಮಿ.ಮೀ.

ಎರಡು ವಿಷಯ ಕೇಳಬೇಕು. ಒಂದು, ಎಡಗಡೆಯನ್ನು ಟೇಬಲ್ ಮೇಲೆ ಒತ್ತಿ ಹಿಡಿದರೆ ಬಲಗಡೆ ತುದಿ 5 ಇಂಚು ಮೇಲೇಳುತ್ತದೆ. ಅಂದರೆ ಎರಡೂ ಕಡೆ 5 ಇಂಚು ಎತ್ತಿ ಕಟ್ಟಬೇಕು, ಸರಿನಾ? ಎರಡು, ಎಡ ತುದಿಯಲ್ಲಿ ಹಿಂದಿನ ಅಂಚು 8 ಮಿ.ಮೀ. ಮೇಲಕ್ಕೆ ತಿರುಚಿದೆ. ಇಷ್ಟು ವರ್ಷ ಅಟ್ಟದಲ್ಲಿ ಬಿದ್ದು ಹೀಗಾಗಿರಬೇಕು. ಹೊಸದರಲ್ಲಿ ನೇರ ಮಾಡುತ್ತೇನೆ.

ಗೊರೂರು_ಗರಿ · ಹಾಸನ · ಜೂನ್ 9

33 ಭಾಗಿಸು 280 (11 ಇಂಚು ಅಗಲ, ಮಿ.ಮೀ.ನಲ್ಲಿ), ಹತ್ತಿರ ಹತ್ತಿರ ಶೇ 11.8. ಚಪ್ಪಟೆ ತಳ. ಇದು ಕ್ಲಾರ್ಕ್ ವೈ. 1922ರಲ್ಲಿ ಅಮೆರಿಕದ ವರ್ಜೀನಿಯಸ್ ಕ್ಲಾರ್ಕ್ ಬರೆದ ಆಕಾರ. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ ವಿಮಾನದ ರೆಕ್ಕೆಯೂ ಇದೇ. ತಳ ಚಪ್ಪಟೆ ಇರುವುದರಿಂದ ಟೇಬಲ್ ಮೇಲೆ ಅಂಗಾತ ಇಟ್ಟು ಕಟ್ಟಬಹುದು, ಅದಕ್ಕೇ ನಮ್ಮಂಥವರಿಗೆ ಇಷ್ಟ.

ತಿರುಚು ಅಟ್ಟದ್ದೇ ಇರಬೇಕು. ನಮ್ಮ ಮನೆ ಅಟ್ಟದಲ್ಲಿಟ್ಟ ಕೇರಂ ಬೋರ್ಡೇ ದೋಣಿ ಆಗಿದೆ. ನೇರ ಮಾಡಿ.

ನಿವೃತ್ತ_ಫಿಟ್ಟರ್ · ಜೂನ್ 9

ತಡೀರಿ ತಡೀರಿ. ನೇರ ಮಾಡಬೇಡಿ ಇನ್ನೂ.

ಮೊದಲು 5 ಇಂಚಿನ ಲೆಕ್ಕ. ಒಂದು ಅರ್ಧ ಮಲಗಿಸಿ ಇನ್ನೊಂದು ತುದಿ ಅಳೆದಿದ್ದೀರಿ. ಆ 5 ಇಂಚು ಎರಡೂ ಕಡೆಗೆ ಸೇರಿ. ವಿಮಾನದ ಮೇಲೆ ಕೂತಾಗ ಒಂದೊಂದು ಕಡೆ ಎರಡೂವರೆ ಇಂಚು, ಅಂದರೆ ಸುಮಾರು 5 ಡಿಗ್ರಿ. ಎರಡೂ ಕಡೆ ಐದೈದು ಎತ್ತಿದರೆ ವಿಮಾನ ನಮಸ್ಕಾರ ಮಾಡಿಕೊಂಡು ಹಾರುತ್ತದೆ.

ತಿರುಚಿನ ವಿಷಯಕ್ಕೆ ಒಂದು ಪರೀಕ್ಷೆ. ಇಲಿ ಬಲಗಡೆ ಆರು ರಿಬ್ ತಿಂದಿದೆ ಅಂದಿರಿ. ತುದಿಯ ರಿಬ್ ಉಳಿದಿದೆಯಾ? ಎರಡೂ ತುದಿಯ ಫಿಲ್ಮ್ ನಿಧಾನ ಬಿಚ್ಚಿ ಕೊನೇ ರಿಬ್ಬಿನ ಒಳಮೈ ನೋಡಿ. ಹಳಬರು ಪೆನ್ಸಿಲ್ಲಲ್ಲಿ ಏನಾದರೂ ಬರೆದಿರುತ್ತಾರೆ.

ಅಟ್ಟದ_ವಿಮಾನ · ಜೂನ್ 10

ಸರ್, ಮೈ ಜುಮ್ಮೆಂದಿತು.

ಎಡ ತುದಿಯ ರಿಬ್ಬಿನಲ್ಲಿ, ಹಿಂದಿನ ಅಂಚಿನ ಹತ್ತಿರ ಪೆನ್ಸಿಲಿನ ಸಣ್ಣ ಬಾಣ, ಮೇಲ್ಮುಖ. ಪಕ್ಕದಲ್ಲಿ 5/16 ಅಂತ. ಮಾವನ ಅಕ್ಷರ, ಐದಕ್ಕೆ ತಲೆ ಮೇಲೆ ಉದ್ದ ಗೀಟು ಎಳೆಯುತ್ತಿದ್ದರು. ಬಲ ತುದಿಯ ರಿಬ್ಬಿನ ಮೂತಿ ಇಲಿ ಕಚ್ಚಿದೆ, ಹಿಂಭಾಗ ಉಳಿದಿದೆ. ಅಲ್ಲೂ ಅದೇ ಬಾಣ, ಅದೇ 5/16. ಮಧ್ಯದ ರಿಬ್ಬಿನಲ್ಲಿ 1986 ಅಂತ ಬೇರೆ ಬರೆದಿದ್ದಾರೆ.

5/16 ಅಂದರೆ ಏನು?

ನಿವೃತ್ತ_ಫಿಟ್ಟರ್ · ಜೂನ್ 10

ಒಂದು ಇಂಚಿನ ಹದಿನಾರರಲ್ಲಿ ಐದು ಭಾಗ. ಮಿಲಿಮೀಟರಿಗೆ ತಿರುಗಿಸಿ ನೋಡಿ.

ಅಟ್ಟದ_ವಿಮಾನ · ಜೂನ್ 10

7.94.

ಎಂಟು! ಬೇಕಂತಲೇ ತಿರುಚಿದ್ದಾರೆ!

ಗೊರೂರು_ಗರಿ · ಜೂನ್ 10

ನನ್ನ ಕೇರಂ ಬೋರ್ಡ್ ಮಾತು ವಾಪಸ್ ತಗೊಂಡೆ.

ನಿವೃತ್ತ_ಫಿಟ್ಟರ್ · ಜೂನ್ 10

ಇದಕ್ಕೆ ವಾಷ್‌ಔಟ್ ಅಂತಾರೆ. ಹೊಸಬರಿಗೆ ಹೇಳಿಬಿಡುತ್ತೇನೆ.

ವಿಮಾನ ನಿಧಾನ ಆದಷ್ಟೂ ಮೂತಿ ಎತ್ತಿ ಹಾರಿಸುತ್ತೇವೆ. ರೆಕ್ಕೆ ಗಾಳಿಗೆ ಹೆಚ್ಚು ಓರೆಯಾಗುತ್ತದೆ. ಒಂದು ಮಿತಿ ದಾಟಿದರೆ ಮೇಲ್ಮೈ ಮೇಲಿನ ಗಾಳಿ ಅಂಟಿಕೊಂಡು ಹರಿಯುವುದನ್ನು ಬಿಡುತ್ತದೆ, ಎತ್ತುವ ಶಕ್ತಿ ಬಿದ್ದುಹೋಗುತ್ತದೆ. ಅದೇ ಸ್ಟಾಲ್. ಒಂದು ಕಡೆ ತುದಿ ಮೊದಲು ಸ್ಟಾಲ್ ಆದರೆ ಆ ಕಡೆಗೆ ಮಗುಚಿಕೊಳ್ಳುತ್ತದೆ. ಇಳಿಯುವಾಗ ಹತ್ತಡಿ ಎತ್ತರದಲ್ಲಿ ಹೀಗಾದರೆ ಕೈಯಲ್ಲಿ ಏನೂ ಇರಲ್ಲ.

ತುದಿಯಲ್ಲಿ ಹಿಂದಿನ ಅಂಚನ್ನು 8 ಮಿ.ಮೀ. ಎತ್ತಿದರೆ 280 ಮಿ.ಮೀ. ಅಗಲಕ್ಕೆ ಒಂದೂವರೆ ಡಿಗ್ರಿಗಿಂತ ಚೂರು ಜಾಸ್ತಿ. ಬುಡಕ್ಕಿಂತ ತುದಿ ಅಷ್ಟು ಕಡಿಮೆ ಓರೆ. ಹಾಗಾಗಿ ಬುಡ ಮೊದಲು ಸ್ಟಾಲ್ ಆಗುತ್ತದೆ, ತುದಿ ಇನ್ನೂ ಹಿಡಿದುಕೊಂಡಿರುತ್ತದೆ. ಮೂತಿ ನೇರ ಕೆಳಗೆ ಬಾಗುತ್ತದೆ, ಮಗುಚುವುದಿಲ್ಲ. ನಿಮ್ಮ ಮಾವ ಬದುವಿರುವ ಗದ್ದೆಯಲ್ಲಿ ಇಳಿಸುತ್ತಿದ್ದವರು, ನಿಧಾನ ಇಳಿಯಲೇಬೇಕಿತ್ತು.

ಈಗ ನಿಮ್ಮ ಕೆಲಸ ಇಷ್ಟೇ. ಮಾವ ಏನು ಮಾಡಿದ್ದಾರೋ ಅದನ್ನೇ ಮಾಡಿ. ಸುಧಾರಿಸಲು ಹೋಗಬೇಡಿ.

ಅಟ್ಟದ_ವಿಮಾನ · ಜುಲೈ 13

ತಡವಾಯಿತು, ಕ್ಷಮಿಸಿ. ನಾಲ್ಕು ದಿನ ಕರೆಂಟೇ ಇರಲಿಲ್ಲ, ರಸ್ತೆಗೆ ಮರ ಬಿದ್ದಿತ್ತು.

ರಿಬ್ಬಿಗೆ ಸನ್‌ಮೈಕಾ ತುಂಡಲ್ಲಿ ಎರಡು ಅಚ್ಚು ಕೊಯ್ದೆ. ಅವುಗಳ ನಡುವೆ ಹನ್ನೊಂದು ಬಾಲ್ಸಾ ತುಂಡು ಪೇರಿಸಿ, ಎರಡು ಬೋಲ್ಟ್ ಬಿಗಿದು, ಒಟ್ಟಿಗೇ ಉಜ್ಜಿದೆ. ಸ್ಪಾರ್ ಕೂರುವ ಕಚ್ಚನ್ನೂ ಹಾಗೇ ಒಟ್ಟಿಗೆ ಕೊಯ್ದೆ. ಬೋಲ್ಟ್ ಬಿಚ್ಚಿದಾಗ ಹನ್ನೊಂದೂ ಒಂದೇ ತಾಯಿ ಮಕ್ಕಳು. ಒಂದು ಹಾಳೆಗೆ ಆರು ರಿಬ್ ಬಂತು, ನಾಲ್ಕು ಹಾಳೆಗೆ ಇಪ್ಪತ್ತೆರಡೂ ಆಯಿತು.

ಸ್ಪಾರಿಗೆ ಪೇಟೆಯಲ್ಲಿ ಒಳ್ಳೆ ಪಟ್ಟಿ ಸಿಗಲಿಲ್ಲ. ಬಿದಿರು ಹಾಕಲಾ?

ಗೊರೂರು_ಗರಿ · ಜುಲೈ 13

ಬಿದಿರಿಗೆ ಗಿಣ್ಣು ಇದೆ, ಒಂದೇ ಚೌಕಕ್ಕೆ ಬರಲ್ಲ. ಮೆಷಿನ್ ಬರುವ ಪೈನ್ ಮರದ ಪೆಟ್ಟಿಗೆ ಇರುತ್ತಲ್ಲ, ಗುಜರಿಯಲ್ಲಿ ಸಿಗುತ್ತೆ. ಗಂಟಿಲ್ಲದ ಹಲಗೆ ಆರಿಸಿ, ಎಳೆ ಈ ತುದಿಯಿಂದ ಆ ತುದಿಗೆ ನೇರ ಓಡುವ ಪಟ್ಟಿ ಸೀಳಿಸಿ. ಎಳೆ ಅಡ್ಡ ಹೊರಟಿದ್ದರೆ ಅಲ್ಲೇ ಮುರಿಯೋದು.

ನಿವೃತ್ತ_ಫಿಟ್ಟರ್ · ಜುಲೈ 14

ಪೈನ್ ಸರಿ. ಎರಡು ಸ್ಪಾರಿನ ನಡುವೆ ವೆಬ್, ಅಂದರೆ ಎರಡನ್ನೂ ಕಟ್ಟಿಹಿಡಿಯುವ ತೆಳು ಹಲಗೆ, ಹಾಕುವುದು ಮರೀಬೇಡಿ. 1.5 ಮಿ.ಮೀ. ಬಾಲ್ಸಾ, ಎಳೆ ನಿಂತಿರಬೇಕು, ಮಲಗಿರಬಾರದು.

ಯಾಕೆ ಅಂದರೆ, ಎರಡು ಮರದ ಸ್ಕೇಲ್ ಒಂದರ ಮೇಲೊಂದಿಟ್ಟು ಬಗ್ಗಿಸಿ. ಸುಲಭವಾಗಿ ಬಗ್ಗುತ್ತವೆ, ಒಂದರ ಮೇಲೊಂದು ಜಾರುತ್ತವೆ. ಈಗ ಬೆರಳಲ್ಲಿ ಎರಡನ್ನೂ ಬಿಗಿಯಾಗಿ ಹಿಡಿದು ಬಗ್ಗಿಸಿ. ಬಗ್ಗಲ್ಲ. ವೆಬ್ ಮಾಡುವುದು ಆ ಬೆರಳಿನ ಕೆಲಸ. ಗಾಳಿಯಲ್ಲಿ ಮೇಲಿನ ಸ್ಪಾರ್ ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆಯುತ್ತದೆ. 60 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆ ಮೇಲೆ ವಿಮಾನದ ಎರಡರಷ್ಟು ತೂಕ ಬೀಳುತ್ತದೆ. ಡೈವ್‌ನಿಂದ ಜೋರಾಗಿ ಎಳೆದರೆ ಅದಕ್ಕಿಂತ ಜಾಸ್ತಿ.

ಅಟ್ಟದ_ವಿಮಾನ · ಜುಲೈ 28

ಒಂದು ನಾಚಿಕೆಗೇಡಿನ ವಿಷಯ.

ಹಳೇ ಫ್ಲಶ್ ಡೋರ್ ಮೇಲೆ ಸಾಫ್ಟ್ ಬೋರ್ಡ್ ಹಾಕಿ, ಬ್ರೌನ್ ಪೇಪರಲ್ಲಿ ಎಡಗಡೆ ಪ್ಲಾನ್ ಬರೆದು, ಪಿನ್ ಚುಚ್ಚಿ ಮೊದಲ ಅರ್ಧ ಕಟ್ಟಿದೆ. ತುದಿಯ ಹಿಂದಿನ ಅಂಚಿನಡಿ 8 ಮಿ.ಮೀ. ಪಟ್ಟಿ ಇಟ್ಟೆ. ಬಿಳಿ ಗಮ್ಮು ಒಣಗಲು ಈ ಥಂಡಿಯಲ್ಲಿ ಎರಡು ದಿನ. ಚೆನ್ನಾಗಿ ಬಂತು. ಅದೇ ಹುಮ್ಮಸ್ಸಲ್ಲಿ ಎರಡನೆಯದನ್ನೂ ಅದೇ ಪೇಪರ್ ಮೇಲೆ ಕಟ್ಟಿದೆ. ಪಿನ್ ತೆಗೆದು ಒಂದರ ಪಕ್ಕ ಒಂದು ಇಟ್ಟೆ.

ಎರಡೂ ಎಡ.

ಥರ್ಮೊಕೋಲ್_ತಮ್ಮ · ಜುಲೈ 28

ಎರಡು ಎಡಗಾಲು ಚಪ್ಪಲಿ 😂😂 ಅಣ್ಣ ಈಗ ಎರಡು ವಿಮಾನ ಕಟ್ಟಿ!

ಕಾಫಿ_ಕಣ · ಜುಲೈ 28

ಹಾಲುವಾಣದಲ್ಲಿ ಕಟ್ಟಿದ್ದಿದ್ದರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ.

ನಿವೃತ್ತ_ಫಿಟ್ಟರ್ · ಜುಲೈ 28

ನಾಚಿಕೆ ಯಾಕೆ, ನಾನೂ ಮಾಡಿದ್ದೇನೆ, ಅದೂ ನಲವತ್ತು ವರ್ಷ ಲೇತ್ ಮುಂದೆ ನಿಂತ ಮೇಲೆ.

ಆ ಬ್ರೌನ್ ಪೇಪರಿಗೆ ಕೊಬ್ಬರಿ ಎಣ್ಣೆ ಸವರಿ. ಗೀಟು ಹಿಂದಿನಿಂದಲೂ ಕಾಣುತ್ತದೆ. ಮಗುಚಿ ಹಾಕಿದರೆ ಅದೇ ಬಲಗಡೆ ಪ್ಲಾನ್. ಎಣ್ಣೆ ಮರಕ್ಕೆ ತಾಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಎರಡನೇ ಎಡವನ್ನು ಬಿಚ್ಚಿದರೆ ಸ್ಪಾರ್ ಉಳಿಯುತ್ತದೆ. ಗಮ್ಮಿಗೆ ಬಿಸಿ ನೀರಿನ ಬಟ್ಟೆ ಹಿಡಿದು ನೋಡಿ.

ಅಟ್ಟದ_ವಿಮಾನ · ಸೆಪ್ಟೆಂಬರ್ 14

ಬಲಗಡೆ ಬಲಗಡೆಯೇ ಆಯಿತು. ಎಂಟು ರಿಬ್ ಉಳಿಸಿಕೊಂಡೆ, ಮೂರು ಹೊಸದು.

ಮಧ್ಯ ಜೋಡಿಸಲು 3 ಮಿ.ಮೀ. ಪ್ಲೈವುಡ್ಡಿನ ಬ್ರೇಸ್, ಅರಾಲ್ಡೈಟಲ್ಲಿ. ಒಂದು ಅರ್ಧ ಮಲಗಿಸಿ ಇನ್ನೊಂದು ತುದಿಯ ಕೆಳಗೆ 5 ಇಂಚಿನ ಮರದ ದಿಮ್ಮಿ. ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಸುತ್ತಿದೆ. ಬರೀ ಮರ 350 ಗ್ರಾಂ, ನಮ್ಮ ಕಾಫಿ ಸ್ಯಾಂಪಲ್ ತೂಗುವ ತಕ್ಕಡಿಯಲ್ಲಿ.

ಆಮೇಲೆ ಫಿಲ್ಮ್. ಕೆಳಗಡೆ ಮೊದಲು, ಮೇಲ್ಗಡೆ ನಂತರ. ಹಳದಿ, ಮಾವನದೂ ಹಳದಿಯೇ. ಬಿಸಿಗೆ ಬಿಗಿಯಾಗಿ ಡೋಲಿನ ಚರ್ಮದ ಹಾಗೆ ಬಂತು. ಅಳೆದು ನೋಡಿದರೆ ಎಡ ತುದಿಯ ತಿರುಚು 8 ಮಿ.ಮೀ. ಇದೆ, ಬಲ ತುದಿಯದು 3ಕ್ಕೆ ಇಳಿದಿದೆ! ಫಿಲ್ಮೇ ಎಳೆದು ಹಾಕಿದೆ. ಈಗೇನು?

ಗೊರೂರು_ಗರಿ · ಸೆಪ್ಟೆಂಬರ್ 14

ಹೆದರಬೇಡಿ. ಎಳೆದದ್ದು ಫಿಲ್ಮ್ ಅಂದಮೇಲೆ ಸರಿ ಮಾಡುವುದೂ ಅದೇ. ಒಬ್ಬರು ತುದಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ತಿರುಚಿ ಹಿಡಿಯಬೇಕು. ಸುಕ್ಕು ಬೀಳುತ್ತೆ. ಇನ್ನೊಬ್ಬರು ಆ ಸುಕ್ಕಿನ ಮೇಲೆ ಬಿಸಿ ಆಡಿಸಬೇಕು, ಮೇಲೂ ಕೆಳಗೂ. ಆರುವ ತನಕ ಕೈ ಬಿಡಬೇಡಿ.

ಅಟ್ಟದ_ವಿಮಾನ · ಸೆಪ್ಟೆಂಬರ್ 15

ನಾನು ತಿರುಚಿ ಹಿಡಿದೆ, ಅಮ್ಮ ಇಸ್ತ್ರಿ ಆಡಿಸಿದರು. "ನನ್ನ ತಮ್ಮನೂ ಹೀಗೇ ನನ್ನ ಕೈಲಿ ಹಿಡಿಸ್ತಿದ್ದ, ಆಗ ಇದ್ದಿಲ ಇಸ್ತ್ರಿ" ಅಂದರು. ಇದನ್ನು ಇಷ್ಟು ದಿನ ಹೇಳಿಯೇ ಇರಲಿಲ್ಲ.

ಮೂರನೇ ಸಲಕ್ಕೆ 8 ನಿಂತಿತು.

ಥರ್ಮೊಕೋಲ್_ತಮ್ಮ · ಸೆಪ್ಟೆಂಬರ್ 16

ಅಣ್ಣ, ಹಳೇ ರೇಡಿಯೊ ಸೆಟ್ ಹಾಕಬೇಡಿ. ಬ್ಯಾಟರಿ ಸೋರಿ ವೈರ್ ಒಳಗೇ ಕಪ್ಪಾಗಿರುತ್ತೆ, ಹೊರಗಿಂದ ಗೊತ್ತಾಗಲ್ಲ. 2.4 ಗಿಗಾಹರ್ಟ್ಸ್ ಸೆಟ್ ತಗೊಳ್ಳಿ, ಐಲೆರಾನ್ ಸರ್ವೊ (ವಿಮಾನ ವಾಲಿಸುವ ರೆಕ್ಕೆಯ ಪಟ್ಟಿಯನ್ನು ಆಡಿಸುವ ಪುಟ್ಟ ಮೋಟರ್) ಹೊಸದು ಹಾಕಿ.

ಗೊರೂರು_ಗರಿ · ಸೆಪ್ಟೆಂಬರ್ 16

ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯ ಅಂದರೆ 400 ಅಡಿ ಎತ್ತರದ ತನಕ ಹಾರಿಸಬಹುದು. ಹಾಸನದವರಿಗೆ ಇದು ಜಾಸ್ತಿ ಅನ್ವಯ, ನಮ್ಮಲ್ಲಿ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಇದೆ. ಆ ಕಡೆ ಗಾಳಿಪಟ ಬಿಡಲೂ ನಾನು ಹಿಂದೆ ಮುಂದೆ ನೋಡ್ತೀನಿ.

ಮುಳ್ಳಯ್ಯನಗಿರಿ ಗಾಳಿ ಚೆನ್ನಾಗಿದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಕಿವಿಗೆ ಹಾಕ್ಕೋಬೇಡಿ. ಅಲ್ಲಿ ಜನ ಜಾಸ್ತಿ.

ಅಟ್ಟದ_ವಿಮಾನ · ಜನವರಿ 18

ಸಂಕ್ರಾಂತಿ ಕಳೆದು ಗದ್ದೆ ಖಾಲಿಯಾಯಿತು. ನಕ್ಷೆ ನೋಡಿದೆ, ನಮ್ಮ ಗದ್ದೆ ಹಸಿರಲ್ಲಿದೆ. ನಿವೃತ್ತ ಫಿಟ್ಟರ್ ಸರ್ ಹಾಸನದಿಂದ ಬೆಳಗಿನ ಬಸ್ಸಿಗೆ ಬಂದರು. ಒಟ್ಟು ತೂಕ 2.3 ಕಿಲೊ. ರೆಕ್ಕೆಯ ಮುಂದಿನ ಅಂಚಿನಿಂದ 3 ಇಂಚು ಹಿಂದೆ ಎರಡು ಬೆರಳಲ್ಲಿ ಎತ್ತಿ ಹಿಡಿದರು, ವಿಮಾನ ತಕ್ಕಡಿಯಂತೆ ನಿಂತಿತು. ಅಗಲದ ಶೇ 27, ಸರಿಯಿದೆ ಅಂದರು.

ಮೊದಲು ಅವರೇ ಹಾರಿಸಿದರು. ನೇರ ಹಾರಲು ರಿಮೋಟಲ್ಲಿ ಬಲಗಡೆಗೆ ಎರಡು ಕ್ಲಿಕ್ ಟ್ರಿಮ್, ಅಷ್ಟೇ. ಸಾಕಷ್ಟು ಎತ್ತರಕ್ಕೆ ಹೋಗಿ ಇಂಜಿನ್ ತಗ್ಗಿಸಿ, ಮೂತಿ ಎತ್ತುತ್ತಾ ಹೋದರು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹಳದಿ ರೆಕ್ಕೆ ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗಾಯಿತು. ಆಮೇಲೆ ಮೂತಿ ನೇರ ಮುಂದಕ್ಕೆ ಬಾಗಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ. "ನಿಮ್ಮ ಮಾವ ಕೆಲಸ ತಿಳಿದವರು ಕಣ್ರೀ" ಅಂದು ರಿಮೋಟ್ ನನ್ನ ಕೈಗೆ ಕೊಟ್ಟರು.

ನಾನು ಇಳಿಸಿದ್ದು ಬದುವಿನ ಮೇಲೆ. ಪ್ರೊಪೆಲ್ಲರ್ ಒಂದು ಹೋಯಿತು. ರೆಕ್ಕೆಗೆ ಏನೂ ಆಗಿಲ್ಲ.

ಕಾಫಿ_ಕಣ · ಜನವರಿ 18

ಹೊಸ ರಿಬ್ಬಲ್ಲೂ ಬರೆದಿದ್ದೀರಾ?

ಅಟ್ಟದ_ವಿಮಾನ · ಜನವರಿ 18

ಬರೆದಿದ್ದೇನೆ. ಬಾಣ, 5/16, ಎರಡೂ ತುದಿಗೆ. ಕೆಳಗೆ "ಇಲಿ ಬಂದರೆ ಇದನ್ನು ನೋಡಿ" ಅಂತ.

ಥರ್ಮೊಕೋಲ್_ತಮ್ಮ · ಜನವರಿ 19

ಅಣ್ಣ, ಒಂದು ಮಾತು. ಆ ಸನ್‌ಮೈಕಾ ಅಚ್ಚು ಕೊಡ್ತೀರಾ? ಥರ್ಮೊಕೋಲಿಗಲ್ಲ. ಮರದಲ್ಲಿ ಒಂದು ಕಟ್ಟಿ ನೋಡೋಣ ಅಂತ.

ಅಟ್ಟದ_ವಿಮಾನ · ಜನವರಿ 19

ನಾಳೆ ಚಿಕ್ಕಮಗಳೂರಿಗೆ ಬರುವವರಿದ್ದಾರೆ, ಅವರ ಕೈಲಿ ಕಳಿಸ್ತೀನಿ. ಎಣ್ಣೆ ಹಚ್ಚಿದ ಪ್ಲಾನೂ ಜೊತೆಗಿದೆ. ಯಾವ ಮುಖ ಎಡ, ಯಾವ ಮುಖ ಬಲ ಅಂತ ದೊಡ್ಡದಾಗಿ ಬರೆದಿದ್ದೇನೆ.